ವರದಮ್ಮನ ಹಾಡಿಗೆ ಹದಗೊಂಡ ಕಾರು

ಹೊಸನಗರದ ಪೇಟೆ ಮುಗಿದು ರಸ್ತೆ ನಗರವೆಂಬ ಹಳೆಯ ಕೋಟೆಯ ಊರಿನ ಕಡೆಗೆ ಹೊರಳುವಲ್ಲಿ, ಎಡಬದಿಯ ಹಲಸಿನ ಮರದ ಕೆಳಗೆ ನಟರಾಜನ ಗ್ಯಾರೇಜು. ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಕಾರಿನ ಹೊಟ್ಟೆ ನೋಡಲು ಮನುಷ್ಯ ನಿಲ್ಲುವಷ್ಟು ಆಳದ ಒಂದು ಗುಂಡಿ, ಅಷ್ಟೇ. ಎಂಜಿನ್ನಿನ ರಿಪೇರಿಗೆ ಜನ ಬೇರೆ ಕಡೆ ಹೋದಾರು. ಆದರೆ ಸ್ಟಿಯರಿಂಗು ಒಂದು ಕಡೆಗೆ ಎಳೆಯುತ್ತದೆ, ಟಯರು ಒಂದೇ ಮಗ್ಗುಲು ಸವೆಯುತ್ತದೆ, ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರುತ್ತದೆ ಎಂದಾದರೆ ನಟರಾಜನಲ್ಲಿಗೇ ಬರುತ್ತಿದ್ದರು. ಅವನು ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಉದ್ದಕ್ಕೂ ಒಂದು ದಾರ ಕಟ್ಟುವನು. ಗೋಡೆ ಕಟ್ಟುವವರ ತೂಕದ ಗುಂಡನ್ನು ಗಾಲಿಯ ಪಕ್ಕದಲ್ಲಿ ತೂಗಬಿಡುವನು. ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ದಾರಕ್ಕೂ ಗಾಲಿಗೂ ನಡುವೆ ಎಷ್ಟು ಸಂದು ಎಂದು ನೋಡುತ್ತಾ ಕೂರುವನು.

“ಒಳಗಾಲು ಹಾಕಿ ನಡೆಯೋನ ಚಪ್ಪಲಿ ನೋಡಿ, ಒಂದೇ ಕಡೆ ಸವೆದಿರುತ್ತೆ. ಗಾಲಿನೂ ಹಂಗೇ. ಪಾದ ನೆಲಕ್ಕೆ ಸರಿ ಊರಿದ್ರೆ ನಡಿಗೆ ಸರಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದನು.

ಹರೆಯದಲ್ಲಿ ಸಾಗರದ ಒಂದು ಲಾರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದವನು. ಈಗ ತಲೆ ಮುಕ್ಕಾಲು ನರೆತಿದೆ. ಮಾತು ಕಡಿಮೆ, ಆದರೆ ಒಂದು ವಿಷಯದಲ್ಲಿ ಮಾತ್ರ ಅವನಿಗೆ ಹೆಮ್ಮೆ ಹೆಚ್ಚು. ನಮ್ಮ ಕಡೆಯ ಮನೆಗಳಿಗೆ ಟಾರು ರಸ್ತೆಯಿಂದ ಒಳಗೆ ಹೋಗುವ ದಾರಿಗಳು ಹೇಗಿವೆ ಎಂಬುದು ಗೊತ್ತೇ ಇದೆ. ಎರಡು ಗಾಲಿಯ ಜಾಡಿನ ನಡುವೆ ಕಲ್ಲು ಎದ್ದು ನಿಂತಿರುತ್ತದೆ, ಹೊಸ ಕಾರಿನ ಹೊಟ್ಟೆ ಅದಕ್ಕೆ ಉಜ್ಜುತ್ತದೆ. ಇದಕ್ಕೆ ನಟರಾಜ ಒಂದು ಉಪಾಯ ಹುಡುಕಿದ್ದನು. ದಪ್ಪ ರಬ್ಬರನ್ನು ಬಳೆಯ ಹಾಗೆ ಕತ್ತರಿಸಿ ಮುಂದಿನ ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕಿಬಿಟ್ಟರೆ ಕಾರಿನ ಮೂತಿ ಎರಡು ಬೆರಳು ಮೇಲೇಳುತ್ತಿತ್ತು. ಜನ ಅದಕ್ಕೆ ‘ನಟರಾಜನ ಕಟ್ಟು’ ಎಂದೇ ಹೆಸರಿಟ್ಟಿದ್ದರು. ನಗರ, ಹೊಸನಗರ, ರಿಪ್ಪನ್‌ಪೇಟೆಯ ಎಷ್ಟೋ ಕಾರುಗಳು ಆ ಕಟ್ಟಿನ ಮೇಲೆ ನಿಂತಿದ್ದವು. ಎಲ್ಲಕ್ಕಿಂತ ದಪ್ಪದ ಕಟ್ಟು ಅವನದೇ ಬಿಳಿಯ ಸಣ್ಣ ಕಾರಿಗಿತ್ತು.

ಇಷ್ಟೆಲ್ಲ ಗಾಡಿಗಳ ನಡಿಗೆ ತಿದ್ದಿದವನ ಹೆಂಡತಿಗೆ ಮಾತ್ರ ಗಾಡಿ ಹತ್ತಿದರೆ ಆಗುತ್ತಿರಲಿಲ್ಲ.

ವರದಮ್ಮನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿಂದ ಹೊಸನಗರಕ್ಕೆ ಮದುವೆಯಾಗಿ ಬಂದ ದಿನವೇ ದಾರಿಯಲ್ಲಿ ವಾಂತಿ ಮಾಡಿಕೊಂಡಿದ್ದಳು; ಗಂಡನ ಮನೆಯ ಹೊಸ್ತಿಲು ತುಳಿಯುವಾಗ ಅವಳನ್ನು ಇಬ್ಬರು ಹಿಡಿದುಕೊಂಡಿದ್ದರಂತೆ. ಲಿಂಬೆಹಣ್ಣು ಮೂಸಿ ನೋಡಿದ್ದಳು, ಶುಂಠಿ ಅಗಿದು ನೋಡಿದ್ದಳು, ಹೊಟ್ಟೆಗೆ ಏನೂ ಇಲ್ಲದೆ ಹೊರಟು ನೋಡಿದ್ದಳು. ನೇರ ರಸ್ತೆಯಾದರೆ ಹೇಗೋ ತಡೆದುಕೊಳ್ಳುವಳು. ತಿರುವುಗಳು ಶುರುವಾದವೋ, ಮುಖ ಬಾಳೆಯ ಸುಳಿಯಂತೆ ಬಿಳಿಚಿಕೊಳ್ಳುತ್ತಿತ್ತು. ನಮ್ಮಲ್ಲಿ ತಿರುವಿಲ್ಲದ ದಾರಿ ಎಲ್ಲಿಂದ ತರುವುದು?

ಅದೂ ಹೋಗಲಿ ಎನ್ನಬಹುದಿತ್ತು, ವರದಮ್ಮ ಸೋಬಾನೆ ಹೇಳುವವಳಲ್ಲದಿದ್ದರೆ. ಮದುವೆ ಮನೆಯ ಈ ಪದಗಳನ್ನು ಒಬ್ಬರೇ ಹೇಳುವುದಲ್ಲ. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದನ್ನೇ ಹಿಡಿದು ತಿರುಗಿ ಹೇಳಬೇಕು. ಆ ಹೊತ್ತಿನಲ್ಲಿ ಎತ್ತುವವಳಿಗೆ ಉಸಿರು ಸಿಕ್ಕುತ್ತದೆ, ಮುಂದಿನ ಸೊಲ್ಲು ನೆನಪಿಗೆ ಬರುತ್ತದೆ. ವರದಮ್ಮನ ಅಕ್ಕ ಎತ್ತುವವಳು, ವರದಮ್ಮ ಹಿಡಿಯುವವಳು. ಅಕ್ಕತಂಗಿಯರ ಪದವೆಂದರೆ ತೀರ್ಥಹಳ್ಳಿ ಸುತ್ತಿನ ಮದುವೆಗಳಲ್ಲಿ ಗಂಡಸರೂ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಹೊಸನಗರಕ್ಕೆ ಬಂದ ಮೇಲೆ ವರದಮ್ಮ ಹೋದ ಮದುವೆಗಳು ಕಡಿಮೆಯಾದವು. ಒಮ್ಮೆ ಹಿಂದಿನ ದಿನವೇ ಹೋಗಿ ಮಲಗಿ ನೋಡಿದ್ದಳು. ದಾರಿಯಲ್ಲಿ ಹೊಟ್ಟೆ ತೊಳಸಿ ಬಂದ ಹುಳಿಗೆ ಗಂಟಲು ಸುಟ್ಟು, ಎರಡು ದಿನ ಸ್ವರ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು. ಮಾತ್ರೆ ನುಂಗಿ ಹೋದ ಇನ್ನೊಂದು ಸಲ ವಾಂತಿಯೇನೋ ಆಗಲಿಲ್ಲ, ಆದರೆ ಕಣ್ಣು ಎಳೆದು ಎಳೆದು ಪದವೇ ಮರೆತುಹೋಯಿತು.

ಹೋದ ವರ್ಷದ ಹಿಂದಿನ ವರ್ಷ ಅಕ್ಕ ತೀರಿಕೊಂಡಳು. ಅಕ್ಕನಿಗಿದ್ದವಳು ಒಬ್ಬಳೇ ಮಗಳು, ದೀಪಶ್ರೀ.

ಆ ದೀಪಶ್ರೀ ಮಾಘದ ಒಂದು ಮಧ್ಯಾಹ್ನ ತನ್ನ ಮದುವೆಗೆ ಕರೆಯಲು ಬಂದಳು. ಕುಂಕುಮ ಕೊಟ್ಟು, ಕರೆಯೋಲೆ ಕೊಟ್ಟು, ಕಾಲಿಗೆ ಬಿದ್ದು, ಆಮೇಲೆ ಅಡುಗೆಮನೆಯ ನೆಲದ ಮೇಲೆ ಚಿಕ್ಕಮ್ಮನ ಪಕ್ಕದಲ್ಲಿ ಕುಳಿತಳು.

“ಚಿಕ್ಕಮ್ಮ, ಹೆಣ್ಣು ಒಪ್ಪಿಸೋ ಪದ ನೀನೇ ಹೇಳ್ಬೇಕು.”

“ಮಂಟಪದಲ್ಲಿ ಸ್ಪೀಕರ್ ಹಾಕ್ತಾರಲ್ಲೇ ಮಾರಾಯ್ತಿ? ಎಲ್ಲ ಪದನೂ ಅದ್ರಲ್ಲೇ ಬರುತ್ತೆ.”

“ಸ್ಪೀಕರ್ರಿಗೆ ನನ್ನ ಹೆಸ್ರು ಗೊತ್ತನಾ?”

ಅದೇನೋ ನಿಜ. ಆ ಪದದಲ್ಲಿ ಹುಡುಗಿಯ ಹೆಸರನ್ನು ಹೇಳಿ, ಇವಳು ಹೇಗೆ ಬೆಳೆದವಳು, ಏನು ತಿಂದರೆ ಆಗದು, ಎಲ್ಲಿ ಅಳುತ್ತಾಳೆ, ಎಲ್ಲಿ ಮುನಿಯುತ್ತಾಳೆ ಎಂಬುದನ್ನೆಲ್ಲ ಗಂಡಿನ ತಾಯಿಗೆ ಹೇಳಿ ಒಪ್ಪಿಸುವ ಕ್ರಮ. ಹೆತ್ತ ತಾಯಿಯ ಕಡೆಯವರೇ ಹೇಳಬೇಕು.

“ಅಮ್ಮ ಇದ್ದಿದ್ರೆ ಅಮ್ಮ ಎತ್ತೋಳು, ನೀನು ಹಿಡಿಯೋಳು. ಈಗ ನೀನೇ ಎತ್ತು,” ಎಂದಳು ದೀಪಶ್ರೀ.

“ಬರ್ತೀನಿ ಕಣೇ. ಸತ್ರೂ ಬರ್ತೀನಿ. ಗಂಟ್ಲು ನನ್ನ ಜೊತೆ ಬರುತ್ತೋ ಇಲ್ವೋ, ಅದನ್ನ ಹೇಳಕ್ಕೆ ಆಗಲ್ಲ.”

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನಟರಾಜ ಇದನ್ನು ಕೇಳಿದನು. ಲೋಟ ಕೆಳಗಿಟ್ಟು ಅಂಗಳಕ್ಕಿಳಿದು, ತನ್ನ ಬಿಳಿಯ ಕಾರಿನ ಮುಂದೆ ನಿಂತು ಅದರ ಗಾಲಿಗಳನ್ನೇ ನೋಡಿದನು.

ಮರುದಿನವೇ ಸಾಗರಕ್ಕೆ ಹೋದನು. ಅಲ್ಲಿ ಶ್ರೀಶ ಎಂಬ ಹುಡುಗನ ಟಯರಿನ ಅಂಗಡಿ, ಗಾಲಿ ಅಳೆಯುವ ಕಂಪ್ಯೂಟರು ಇರುವಂಥದು. ಮುಂದಿನ ಎರಡು ಟಯರು ಹೊಸದು ಹಾಕಿಸಿದನು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ಎರಡು ಗಾಲಿಗಳ ನಡುವೆ ಅಡ್ಡಕ್ಕೆ ಒಂದು ಕಬ್ಬಿಣದ ಸರಳು ಇರುತ್ತದೆ. ಅದರ ಸವೆದ ರಬ್ಬರ್ ಬುಷ್ಷುಗಳನ್ನು ತೆಗೆದು ಹೊಸದು ಕೂರಿಸಿದನು. ಶ್ರೀಶ ಗಾಲಿಗಳಿಗೆ ಕನ್ನಡಿಯಂಥ ಫಲಕಗಳನ್ನು ಕಚ್ಚಿಸಿ, ಪರದೆ ನೋಡಿ ನಕ್ಕನು.

“ನಿಮ್ಮ ದಾರ, ನನ್ನ ಕಂಪ್ಯೂಟರು, ಎರಡೂ ಒಂದೇ ಮಾತು ಹೇಳ್ತಾ ಇವೆ ನಟರಾಜಣ್ಣ. ಎಲ್ಲ ಸರಿ ಇದೆ. ಆದ್ರೆ ಮುಂದೆ ಸ್ವಲ್ಪ ಎತ್ತರ ಆತೇನ?”

“ಎತ್ತರ ಇರ್ಲಿ. ನಮ್ಮ ದಾರಿಗೆ ಅದು ಬೇಕು,” ಎಂದ ನಟರಾಜ, ಮಾತು ಮುಂದುವರಿಯಲು ಬಿಡದೆ ಕಾರು ಹತ್ತಿದನು.

ಆ ಸಂಜೆ ವರದಮ್ಮನನ್ನು ಒಪ್ಪಿಸಿ ಕೂರಿಸಿಕೊಂಡು ನಗರದ ದಾರಿ ಹಿಡಿದನು. ಹೊಸ ಟಯರು ರಸ್ತೆಗೆ ಅಂಟಿಕೊಂಡಂತೆ ಹೋಗುತ್ತಿತ್ತು. ಸ್ಟಿಯರಿಂಗು ಬೆರಳಿನ ಮಾತು ಕೇಳುತ್ತಿತ್ತು. ಇದಕ್ಕಿಂತ ಚೆನ್ನಾಗಿ ಕಾರು ತಿರುಗುವುದು ಹೇಗೆ ಎಂದು ಅವನು ಒಳಗೊಳಗೆ ಹಿಗ್ಗುತ್ತಿದ್ದಾಗಲೇ ವರದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೈ ಅಲ್ಲಾಡಿಸಿದಳು. ನಿಲ್ಲಿಸಿದನು. ಅವಳು ಮೋರಿಯ ಕಟ್ಟೆಯ ಮೇಲೆ ಕುಳಿತು ಬಗ್ಗಿದಳು. ಅವನು ನೀರಿನ ಬಾಟಲಿ ಹಿಡಿದು, ಬೆನ್ನು ನೀವುತ್ತ ನಿಂತನು.

“ಸಾಕು ಬಿಡಿ, ನೀವಾದ್ರೂ ಎಷ್ಟು ಮಾಡ್ತೀರಿ. ಹೋಗಿ ಮಣೆ ಮೇಲೆ ಕೂತು ಅಕ್ಷತೆ ಹಾಕಿ ಬಂದ್ರಾಯ್ತು. ಪದ ನನ್ನ ಹಣೇಲಿ ಬರೆದಿಲ್ಲ,” ಎಂದಳು. ಸ್ವರ ಆಗಲೇ ಒಡೆದಿತ್ತು.

ನಟರಾಜನಿಗೆ ಆ ಒಡೆದ ಸ್ವರ ಮನೆಯವರೆಗೂ ಕಿವಿಯಲ್ಲೇ ಉಳಿಯಿತು.

ಮರುದಿನ ಗ್ಯಾರೇಜಿಗೆ ಹೂವಯ್ಯ ಬಂದನು. ಸಾಗರದಿಂದ ಸಿಗಂದೂರಿಗೆ ಭಕ್ತರನ್ನು ಕರೆದೊಯ್ಯುವ ಟ್ಯಾಕ್ಸಿ ಅವನದು. ಇದೇ ಊರಿನವನು, ನಟರಾಜನ ಹಳೆಯ ಸ್ನೇಹಿತ, ಬಾಯಿ ಸುಮ್ಮನಿರದ ಮನುಷ್ಯ.

“ಎಂತ ಮಾರಾಯ, ತಾಲ್ಲೂಕಿನ ಗಾಡಿಗೆಲ್ಲ ಡಾಕ್ಟ್ರು ನೀನು. ಮನೆ ಪೇಷೆಂಟು ಮಾತ್ರ ಮೋರಿ ಕಟ್ಟೆ ಮೇಲೆ ಕೂತಿತ್ತಂತೆ?”

“ನಿಂಗ್ಯಾರು ಹೇಳಿದ್ರು?”

“ಹೇಳೋದೆಂತ? ರಸ್ತೆ ಮೇಲೆ ಹೋಗೋರಿಗೆಲ್ಲ ಕಣ್ಣಿಲ್ವನಾ?” ಎಂದು ನಕ್ಕ ಹೂವಯ್ಯ, ಗೆಳೆಯನ ಮುಖ ನೋಡಿ ದನಿ ತಗ್ಗಿಸಿದನು. “ಒಂದು ಮಾತು ಹೇಳ್ತೀನಿ ಕೇಳು. ನನ್ನ ಗಾಡೀಲಿ ದಿನಾ ಜನ ಕೂರ್ತಾರೆ. ಮೊಬೈಲ್ ನೋಡ್ತಾ ಕೂತೋರು ಕಾರ್ಕೊಳ್ತಾರೆ. ಅಮ್ಮನೋರ ಭಜನೆ ಹೇಳ್ಕೊಂಡು ಬರೋ ಹೆಂಗಸ್ರು ಇದಾರಲ್ಲ, ಅವ್ರಿಗೆ ಎಂತದೂ ಆಗಲ್ಲ. ನಿನ್ನ ಹೆಂಡ್ತಿಗೆ ಬಾಯಿ ಮುಚ್ಕೊಂಡು ಕೂರು ಅನ್ಬೇಡ, ಹಾಡು ಅನ್ನು.”

ನಟರಾಜನಿಗೆ ನಂಬಿಕೆ ಬರಲಿಲ್ಲ. ಆದರೆ ಬೇರೆ ದಾರಿಯೂ ಕಾಣಲಿಲ್ಲ. ವರದಮ್ಮನಿಗೆ ಹೇಳಿದಾಗ ಅವಳೇನೂ ವಾದಿಸಲಿಲ್ಲ. “ಹೆಂಗೂ ಪದ ಒಂದು ಸಲ ಬಾಯಿಗೆ ತಂದ್ಕೋಬೇಕು. ಮನೇಲಿ ಹೇಳೋದು ಗಾಡೀಲಿ ಹೇಳ್ತೀನಿ. ನೀವು ಮಾತ್ರ ನಡುವೆ ಮಾತಾಡಿಸ್ಬೇಡಿ,” ಎಂದಳು.

ಅಂದು ಸಂಜೆ ಕಾರು ಪೇಟೆ ದಾಟಿದ ಮೇಲೆ ಅವಳು ಎತ್ತಿದಳು. ಮೊದಮೊದಲು ನಾಚಿಕೊಂಡ ದನಿ, ಆಮೇಲಾಮೇಲೆ ಬಿಡುಬೀಸಾಯಿತು. ಸೋಬಾನೆಯ ಸೊಲ್ಲು ಉದ್ದ. ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಗಬೇಕು. ನೇರ ದಾರಿಯಲ್ಲಿ ಆ ಎಳೆ ಎಲ್ಲೂ ತುಂಡಾಗಲಿಲ್ಲ. ತಿರುವು ಬಂತು. ನಟರಾಜ ಸ್ಟಿಯರಿಂಗು ತಿರುವಿದನು; ಎಳೆ ಹಾಗೆಯೇ ಇತ್ತು. ತಿರುವಿನ ನಡುಮಧ್ಯದಲ್ಲಿಯೂ ಇತ್ತು. ತಿರುವು ಮುಗಿದು ಕಾರು ನೆಟ್ಟಗಾಗುವ ಹೊತ್ತಿಗೆ ಸ್ವರ ಎಡವಿತು. ಮುಂದಿನ ತಿರುವಿನಲ್ಲಿಯೂ ಅಷ್ಟೇ. ಅದರ ಮುಂದಿನದರಲ್ಲಿಯೂ ಅದೇ ಜಾಗ. ಅವನು ಕಾರನ್ನು ಬದಿಗೆ ನಿಲ್ಲಿಸಿದನು.

“ಎಂತಕ್ಕೆ ನಿಲ್ಸಿದ್ರಿ? ನಂಗಿನ್ನೂ ಏನೂ ಆಗಿಲ್ಲ.”

“ತಿರುವು ಮುಗಿಯೋವಾಗ ನಿಂಗೆ ಎಂತ ಆಗುತ್ತೆ?”

ವರದಮ್ಮ ಯೋಚಿಸಿದಳು. ಇಷ್ಟು ವರ್ಷದಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ವಾಂತಿ ಬಂತೇ ಎಂದು ಕೇಳಿದ್ದರು, ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ.

“ತಿರುವಿಗೆ ಹೋಗೋವಾಗ ಎಂತದೂ ಇಲ್ಲ. ಬರೋವಾಗ, ತೊಟ್ಟಿಲು ತೂಗ್ತಾ ತೂಗ್ತಾ ಯಾರೋ ಪಕ್ಕನೆ ಆಚೆ ಕಡೆ ಜಗ್ಗಿ ಬಿಟ್ಟಂಗೆ. ನಾನೊಂದು ಕಡೆ ಇರ್ತೀನಿ, ಹೊಟ್ಟೆ ಒಂದು ಕಡೆ ಹೋಗುತ್ತೆ.”

“ನಂಗೆ ಹಂಗೆಂತದೂ ಗೊತ್ತಾಗಲ್ವಲ್ಲೇ?”

“ನಿಮ್ ಕೈಯಲ್ಲಿ ಚಕ್ರ ಇದೆ. ಎಲ್ಲಿ ತಿರುಗುತ್ತೆ, ಎಲ್ಲಿ ಬಿಡುತ್ತೆ ಅಂತ ನಿಮ್ ಮೈಗೆ ಮೊದ್ಲೇ ಗೊತ್ತಿರುತ್ತೆ. ನಂಗೆ ಯಾರು ಹೇಳ್ತಾರೆ?”

ಅವಳನ್ನು ಮನೆಗೆ ಬಿಟ್ಟು ನಟರಾಜ ಹೂವಯ್ಯನನ್ನು ಹುಡುಕಿಕೊಂಡು ಹೋದನು. ಕಾರಿನ ಕೀಲಿಯನ್ನು ಅವನ ಕೈಗಿತ್ತು, ತಾನು ವರದಮ್ಮನ ಜಾಗದಲ್ಲಿ ಕುಳಿತು, ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡನು.

“ಎಂತದಾ ಇದು, ಕಣ್ಣಾಮುಚ್ಚಾಲೆ? ನೋಡಿದೋರು ನಾನೇ ನಿನ್ನ ಕಿಡ್ನ್ಯಾಪ್ ಮಾಡಿದೆ ಅಂತಾರೆ!”

“ಬಾಯಿ ಮುಚ್ಚಿ ನಗರದ ಕೋಟೆವರೆಗೂ ಹೋಗು.”

ಕೋಟೆಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಅರ್ಧ ದಾರಿಯಲ್ಲೇ ನಟರಾಜ ಟವೆಲು ಬಿಚ್ಚಿದನು. ಹಣೆಯಲ್ಲಿ ಬೆವರು, ಬಾಯಲ್ಲಿ ನೀರು. ಹೂವಯ್ಯ ಅವನನ್ನು ನೋಡಿ ಕಾರು ತಿರುಗಿಸಿದನು.

ಗ್ಯಾರೇಜಿನ ಗುಂಡಿಗೆ ಇಳಿದು, ಬಲ್ಬು ಹಿಡಿದು, ನಟರಾಜ ತನ್ನ ಕಾರಿನ ಮುಂದಿನ ಸ್ಪ್ರಿಂಗನ್ನು ನೋಡುತ್ತ ಬಹಳ ಹೊತ್ತು ನಿಂತನು. ಸ್ಪ್ರಿಂಗಿನ ಸುತ್ತುಗಳ ನಡುವೆ ಅವನದೇ ರಬ್ಬರು, ಕೊಬ್ಬಿದ ಹೆಬ್ಬಾವಿನಂತೆ ಸುತ್ತಿಕೊಂಡಿತ್ತು. ಕಾರು ತಿರುವಿನಲ್ಲಿ ವಾಲಿದಾಗ ಹೊರಬದಿಯ ಸ್ಪ್ರಿಂಗು ಮೆಲ್ಲಗೆ ಕುಗ್ಗಬೇಕು, ತಿರುವು ಮುಗಿದಾಗ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ರಬ್ಬರು ತುಂಬಿದ ಸ್ಪ್ರಿಂಗಿಗೆ ಕುಗ್ಗಲು ಜಾಗವೆಲ್ಲಿದೆ? ಅದು ಗಟ್ಟಿಯಾಗಿ ತಡೆದು ನಿಲ್ಲುತ್ತದೆ, ಬಿಡುವಾಗ ಕವಣೆಯ ಹಾಗೆ ಒಗೆಯುತ್ತದೆ. ಆ ಜಿಗಿತವನ್ನು ತಡೆಯಬೇಕಾದ ಶಾಕ್ ಅಬ್ಸಾರ್ಬರು ದಿನವೂ ಮಾಡಬಾರದ ಕೆಲಸ ಮಾಡಿ ಸೋತುಹೋಗಿದೆ. ಮೂತಿ ಎತ್ತರವಾದದ್ದರಿಂದ ಗಾಲಿಯ ಮೇಲ್ತುದಿ ಹೊರಕ್ಕೆ ವಾಲುತ್ತದೆ. ಅದನ್ನು ದಾರ ಕಟ್ಟಿ ತಿದ್ದಿ ತಿದ್ದಿ, ಸರಿಯಾಗಿದೆ ಎಂದು ಅವನು ನಂಬಿದ್ದನು. ಶ್ರೀಶ ಕೇಳಿದ್ದು ಇದನ್ನೇ. ಅವನ ಮಾತಿಗೆ ತಾನು ಬೆನ್ನು ಹಾಕಿ ಬಂದಿದ್ದನು.

ರಾತ್ರಿ ಊಟಕ್ಕೆ ಕುಳಿತಾಗ ಅನ್ನ ಕಲಸುತ್ತಲೇ ಹೇಳಿದನು. “ನಿನ್ನ ಹೊಟ್ಟೆ ಕೆಡಿಸಿದ್ದು ನಾನೇ ಕಣೇ. ನನ್ನ ಕಟ್ಟು.”

ವರದಮ್ಮ ಸಾರು ಬಡಿಸುತ್ತ ಅವನ ಮುಖ ನೋಡಿದಳು. ಊರವರೆಲ್ಲ ಹೊಗಳುವ ಆ ಕಟ್ಟಿನ ಮೇಲೆ ಗಂಡನಿಗೆಷ್ಟು ಅಭಿಮಾನವೆಂಬುದು ಅವಳಿಗೆ ತಿಳಿಯದ್ದಲ್ಲ.

“ಬಸ್ಸಲ್ಲೂ ನಂಗೆ ವಾಂತಿ ಆಗುತ್ತಲ್ಲ,” ಎಂದಳು. “ಬಸ್ಸಿಗೂ ನೀವೇ ರಬ್ಬರ್ ಕಟ್ಟಿದ್ರಾ?”

ನಟರಾಜನಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅವಳು ತಲೆ ತಟ್ಟಿ ನೀರು ಕೊಟ್ಟಳು.

ರಬ್ಬರು ತೆಗೆದು, ಹೊಸ ಶಾಕ್ ಅಬ್ಸಾರ್ಬರು ಹಾಕಿದ್ದಾಯಿತು. ಕಾರು ನೆಲಕ್ಕೆ ಹತ್ತಿರವಾಗಿ, ಮೊದಲು ಬಂದಾಗ ಹೇಗಿತ್ತೋ ಹಾಗೆ ನಿಂತಿತು. ಅಂದು ಸಂಜೆ ಮನೆಯ ಒಳದಾರಿಗೆ ತಿರುಗಿದೊಡನೆ ಕಲ್ಲು ಅದರ ಹೊಟ್ಟೆಗೆ ಕರಕರ ಉಜ್ಜಿತು. ಮರುದಿನ ಭಾನುವಾರ. ನಟರಾಜ ಗ್ಯಾರೇಜು ತೆರೆಯಲಿಲ್ಲ. ಹಾರೆ, ಪಿಕಾಸಿ ಹಿಡಿದು ದಾರಿಯ ನಡುವಿನ ಕಲ್ಲುಗಳನ್ನು ಎಬ್ಬಿಸತೊಡಗಿದನು. ಹಾದಿಯಲ್ಲಿ ಹೋಗುತ್ತಿದ್ದ ಹೂವಯ್ಯ ಟ್ಯಾಕ್ಸಿ ನಿಲ್ಲಿಸಿ ಕುತ್ತಿಗೆ ಹೊರಹಾಕಿದನು.

“ಇಷ್ಟು ವರ್ಷ ಗಾಡಿ ಎತ್ತಿದ್ದಾಯ್ತು, ಈಗ ಭೂಮಿನೇ ಇಳಿಸ್ತಾ ಇದೀಯನಾ?”

“ಬಾಯಿ ಇರೋನು ಕೈಯನ್ನೂ ಕೊಡು, ಬಾ.”

ಹೂವಯ್ಯ ಶರ್ಟು ಬಿಚ್ಚಿ ಟ್ಯಾಕ್ಸಿಯ ಬಾಗಿಲಿಗೆ ತೂಗುಹಾಕಿ ಬಂದನು. ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳು ಬದಿಗೆ ಬಂದು ಕಟ್ಟೆಯಂತೆ ಸಾಲಾಗಿ ಕುಳಿತವು. ವರದಮ್ಮ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು.

ಇನ್ನು ಉಳಿದದ್ದು ಗಾಲಿಯನ್ನು ಹದಗೊಳಿಸುವ ಕೆಲಸ. ಇಲ್ಲಿ ನಟರಾಜನಿಗೆ ಹೊಸದಾಗಿ ಒಂದು ಯೋಚನೆ ಬಂತು. ಖಾಲಿ ಕಾರಿಗೆ ದಾರ ಕಟ್ಟಿ ಅಳೆದರೆ ಖಾಲಿ ಕಾರಿನ ಅಳತೆ ಸಿಕ್ಕುತ್ತದೆ. ಈ ಕಾರಿನಲ್ಲಿ ಕೂರುವವಳು ವರದಮ್ಮ. ಅವಳು ಕುಳಿತಾಗ ಗಾಲಿ ಹೇಗೆ ಊರುತ್ತದೆ ಎಂಬುದು ಮುಖ್ಯ. ಹಾಗಾಗಿ ಅವಳು ದಿನವೂ ಮನೆಯ ಕೆಲಸ ಮುಗಿಸಿ ಗ್ಯಾರೇಜಿಗೆ ಬಂದು, ಬೀನ್ಸು ಬಿಡಿಸುತ್ತಲೋ ಹೂವು ಕಟ್ಟುತ್ತಲೋ ತನ್ನ ಸೀಟಿನಲ್ಲಿ ಕೂರತೊಡಗಿದಳು. ಅವನು ನೆಲದ ಮೇಲೆ ಗೋಣಿ ಹಾಸಿ ಮಲಗಿ, ಗಾಲಿಯ ಮೇಲಿನ ಬೋಲ್ಟು ಸಡಿಲಿಸಿ, ಮೇಲ್ತುದಿಯನ್ನು ಒಂದು ಕೂದಲಿನಷ್ಟು ಒಳಕ್ಕೆ ವಾಲಿಸುವನು. ತಿರುವಿನಲ್ಲಿ ಕಾರು ವಾಲಿದಾಗ ಆಗ ಟಯರು ಪೂರ್ತಿ ಅಂಗಾಲು ಊರಿ ನಿಲ್ಲುತ್ತದೆ. ದಾರ ನೋಡಿ, ಗಾಲಿಯ ಮುಂದಂಚು ಒಳಕ್ಕೆ ಹೆಚ್ಚು ಮುಖ ಮಾಡದಂತೆ ತಿದ್ದುವನು. ಮೇಲೆ ಅವಳು ಪದದ ಸೊಲ್ಲು ನೆನಪು ಮಾಡಿಕೊಳ್ಳುವಳು. ಅಕ್ಕನ ಬಾಯಲ್ಲಿ ಈ ಸೊಲ್ಲು ಹೇಗಿತ್ತು, ದೀಪಶ್ರೀ ಹುಟ್ಟಿದ ವರ್ಷ ಏನಾಯಿತು, ಮದುವೆಯ ಹೊಸತರಲ್ಲಿ ನೀವು ನನ್ನ ಹತ್ತಿರ ಮಾತೇ ಆಡುತ್ತಿರಲಿಲ್ಲ ಎಂಬ ಮಾತುಗಳೆಲ್ಲ ಬರುವವು. ಕಾರಿನಡಿಯಿಂದ “ಹ್ಞೂಂ” ಎಂಬ ಉತ್ತರ ಹೋಗುವುದು. ಇಷ್ಟು ಮಾತು ಅವರ ನಡುವೆ ನಡೆದು ಎಷ್ಟೋ ಕಾಲವಾಗಿತ್ತು.

ಅಳತೆ ಮುಗಿದ ಮೇಲೆ ಸವಾರಿ. ಹೊರಡುವ ಮುಂಚೆ ನಟರಾಜ ಟಯರಿನ ಹೊರ ಅಂಚಿಗೆ ಸೀಮೆಸುಣ್ಣದಲ್ಲಿ ಅಡ್ಡ ಗೀಟು ಎಳೆಯುವನು.

“ಗಾಲಿಗೆ ಯಾಕೆ ವಿಭೂತಿ?” ಎಂದು ವರದಮ್ಮ ಕೇಳಿದಳು.

“ತಿರುವಿನಲ್ಲಿ ಟಯರು ಎಷ್ಟು ಮಗುಚಿಕೊಳ್ಳುತ್ತೆ ಅಂತ ಅದು ಹೇಳುತ್ತೆ. ಗೀಟು ಪೂರ್ತಿ ಅಳಿಸಿದ್ರೆ ಗಾಳಿ ಕಡಿಮೆ. ಅಳಿಸದೇ ಇದ್ರೆ ಗಾಳಿ ಜಾಸ್ತಿ.”

“ಒಂದು ಕಡೆ ಸೀಮೆಸುಣ್ಣ, ಒಂದು ಕಡೆ ನಾನು. ನಮ್ಮಿಬ್ರಲ್ಲಿ ಯಾರ ಮಾತು ಕೇಳ್ತೀರಿ?”

“ಸೀಮೆಸುಣ್ಣ ಹಾಡಲ್ಲ,” ಎಂದನು ನಟರಾಜ.

ಹಾಡು ದಿನದಿನಕ್ಕೆ ಮುಂದೆ ಮುಂದೆ ಹೋಯಿತು. ಒಂದು ದಿನ ಬಟ್ಟೆ ಒಗೆಯುವ ಹಳ್ಳದವರೆಗೆ, ಇನ್ನೊಂದು ದಿನ ನಗರದ ಕೆರೆಯವರೆಗೆ. ಸ್ವರ ಎಲ್ಲಿ ಅಳುಕಿತೋ ಅಲ್ಲಿಯೇ ನಿಂತು, ಅದು ತಿರುವಿಗೆ ಹೋಗುವಾಗಲೋ ಬರುವಾಗಲೋ ಎಂದು ಕೇಳುವನು. ಕೆಲವು ಸಲ ದೋಷ ಕಾರಿನದಾಗಿರಲಿಲ್ಲ. “ತಿರುವಿನ ಒಳಗೆ ಹೋಗಿ ಬ್ರೇಕ್ ಒತ್ಬೇಡಿ. ಮುಂಚೆನೇ ಒತ್ತಿ, ಆಮೇಲೆ ಸುಮ್ನೆ ಬಿಡಿ,” ಎಂದು ಅವಳೇ ಹೇಳಿಕೊಟ್ಟಳು. ಸ್ಟಿಯರಿಂಗು ಮುಟ್ಟದವಳಿಂದ ಅವನು ಕಾರು ಓಡಿಸುವುದನ್ನು ಹೊಸದಾಗಿ ಕಲಿತನು. ಮದುವೆಗೆ ವಾರವಿರುವಾಗ, ಕೋಟೆಯ ಎದುರಿಗೆ ಕಾರು ನಿಂತಾಗ, ಪದ ತುಂಡಾಗದೆ ಕೊನೆಯ ಸೊಲ್ಲಿಗೆ ಬಂದಿತ್ತು. ವರದಮ್ಮ ಇಳಿದು, ಎಂದೂ ಇಲ್ಲದಂತೆ, ಹಸಿವಾಗುತ್ತಿದೆ ಎಂದಳು. ಇಬ್ಬರೂ ಅಂಗಡಿಯಲ್ಲಿ ಬನ್ನು ತಿಂದು ಚಹಾ ಕುಡಿದರು.

ಈ ನಡುವೆ ಗ್ಯಾರೇಜಿಗೆ ಕಟ್ಟು ಹಾಕಿಸಲು ಬಂದವರನ್ನೆಲ್ಲ ಅವನು ಸುಮ್ಮನೆ ಹಿಂದೆ ಕಳಿಸಲಿಲ್ಲ. ಪಕ್ಕದ ಸೀಟಿನಲ್ಲಿ ಕೂರಿಸಿ, ಕಣ್ಣಿಗೆ ಟವೆಲು ಕೊಟ್ಟು, ಹಿಂದೆ ಕಟ್ಟು ಹಾಕಿಸಿಕೊಂಡಿದ್ದ ಯಾರದಾದರೂ ಕಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದನು. ಕೆಲವರು ಬೈದುಕೊಂಡು ಹೋದರು. ಕೆಲವರು ಹಾರೆ ಹುಡುಕಲು ಹೋದರು.

ಮದುವೆಯ ದಿನ ಬೆಳಿಗ್ಗೆ ಬೇಗನೆ ಹೊರಟರು. ವರದಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಮಡಿಲಲ್ಲಿ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಮಡಚಿ ಇಟ್ಟುಕೊಂಡಿದ್ದಳು. ನಗರ ದಾಟಿದ ಮೇಲಿನ ದಾರಿಯಲ್ಲಿ ಅವರು ಅಭ್ಯಾಸ ಮಾಡಿರಲಿಲ್ಲ. ಹೊಸ ತಿರುವುಗಳು. ಒಂದು ಕಡೆ ಎದುರಿಗೆ ಬಸ್ಸು ನುಗ್ಗಿ ಬಂದು ನಟರಾಜ ಗಕ್ಕನೆ ಬದಿಗೆ ತಿರುಗಿಸಬೇಕಾಯಿತು. ಹಾಡು ನಿಂತಿತು. ವರದಮ್ಮ ಕಣ್ಣುಮುಚ್ಚಿ ಚೀಲವನ್ನು ಗಟ್ಟಿಯಾಗಿ ಹಿಡಿದಳು. ನಟರಾಜ ನಿಲ್ಲಿಸಲೋ ಬೇಡವೋ ಎಂದು ತಿಳಿಯದೆ, ಮೆಲ್ಲಗೆ ಮೆಲ್ಲಗೆ ಮುಂದಿನ ತಿರುವಿಗೆ ಕಾರನ್ನು ಇಳಿಸಿದನು. ತಿರುವು ಮುಗಿಯಿತು. ಕಾರು ನೀರಿನ ಮೇಲಿನ ಎಲೆಯಂತೆ ನೆಟ್ಟಗಾಯಿತು. ವರದಮ್ಮ ಕಣ್ಣು ತೆರೆದು, ಬಿಟ್ಟ ಸೊಲ್ಲನ್ನೇ ಮತ್ತೆ ಎತ್ತಿದಳು.

ತೀರ್ಥಹಳ್ಳಿಯ ಕಲ್ಯಾಣ ಮಂಟಪದಲ್ಲಿ ಇಳಿದಾಗ ಅವಳ ಗಂಟಲು ನಾಗಸ್ವರದವರ ಓಲಗದಷ್ಟು ಸ್ವಚ್ಛವಾಗಿತ್ತು. ಧಾರೆಯಾಯಿತು, ಊಟವಾಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ದೀಪಶ್ರೀ ತಾನೇ ಎದ್ದು ಹೋಗಿ ಸ್ಪೀಕರು ನಿಲ್ಲಿಸಿ ಎಂದು ಹೇಳಿಬಂದಳು. ಬಾಗಿಲ ಬಳಿ ಗಂಡಿನ ತಾಯಿ ನಿಂತಿದ್ದಳು, ಅವಳೆದುರು ದೀಪಶ್ರೀ. ನಟರಾಜ ಗಂಡಸರ ಗುಂಪಿನಲ್ಲಿ, ಮದುಮಗಳ ಸೂಟ್‌ಕೇಸು ಹಿಡಿದು ನಿಂತಿದ್ದನು.

ವರದಮ್ಮ ಎತ್ತಿದಳು. ಮೊದಲ ಸೊಲ್ಲಿಗೇ ಕುರ್ಚಿಗಳ ಸದ್ದು ನಿಂತಿತು. ಅವಳ ಪಕ್ಕದಲ್ಲಿದ್ದ ವಯಸ್ಸಾದ ಇಬ್ಬರು ಹೆಂಗಸರು ಹಿಡಿದರು. ಇವಳಿಗೆ ಗುಡುಗೆಂದರೆ ಭಯ, ಇವಳಿಗೆ ಹಾಲಿನ ಕೆನೆ ಆಗದು, ಬೈದರೆ ತಡೆದುಕೊಂಡಾ‌ಳು, ಮಾತು ಬಿಟ್ಟರೆ ತಡೆಯಲಾರಳು. ಹೀಗೆ ಅವಳು ತನ್ನದೇ ಮಾತು ಸೇರಿಸಿ ಹೇಳುತ್ತ ಹೋದಳು. ಆಮೇಲೆ ಹೆತ್ತವಳ ಸೊಲ್ಲು ಬಂತು. ಅದನ್ನು ಎತ್ತಿದಳು, ಅರ್ಧಕ್ಕೆ ಬಂದಳು, ಅಲ್ಲಿ ಸ್ವರ ನಿಂತುಹೋಯಿತು. ದೂರಲು ಅಲ್ಲಿ ಯಾವ ತಿರುವೂ ಇರಲಿಲ್ಲ. ಅಕ್ಕ ನಿಲ್ಲಬೇಕಾದ ಜಾಗ ಮಾತ್ರ ಖಾಲಿ ಇತ್ತು. ಹಿಡಿಯುವ ಹೆಂಗಸರಿಗೆ ಆ ಸೊಲ್ಲು ಅಕ್ಕತಂಗಿಯರದೇ ಆದ್ದರಿಂದ ತಿಳಿಯದು. ಹುಡುಗಿಯರಿಗೆ ಪದವೇ ತಿಳಿಯದು. ಮದುಮಗಳು ಚಿಕ್ಕಮ್ಮನನ್ನೇ ನೋಡುತ್ತಿದ್ದಳು.

ಆಗ ಗಂಡಸರ ಕಡೆಯಿಂದ ಒಂದು ದನಿ ಆ ಅರ್ಧ ಸೊಲ್ಲನ್ನು ಹಿಡಿದು ಮುಗಿಸಿತು. ರಾಗವೆಂದು ಅದನ್ನು ಕರೆಯುವುದು ಕಷ್ಟ; ಗೇರು ಸರಿಯಾಗಿ ಬೀಳದ ಲಾರಿಯ ಹಾಗಿತ್ತು. ಆದರೆ ಅಕ್ಷರ ಒಂದೂ ತಪ್ಪಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ನಟರಾಜ ಸೂಟ್‌ಕೇಸನ್ನು ಎದೆಗೆ ಅಪ್ಪಿಕೊಂಡು, ಮುಖ ಕೆಂಪು ಮಾಡಿಕೊಂಡು, ನೆಲ ನೋಡುತ್ತ ನಿಂತಿದ್ದನು. ದಿನವೂ ತಿರುವು ತಿರುವಿಗೆ ಕೇಳಿ ಕೇಳಿ ಆ ಪದ ಅವನೊಳಗೆ ಯಾವಾಗ ಸೇರಿತೋ ಅವನಿಗೇ ಗೊತ್ತಿರಲಿಲ್ಲ.

“ಅಯ್ಯಯ್ಯೋ, ಗಂಡಸ್ರು ಸೋಬಾನೆ ಹಿಡಿಯೋದು ಎಲ್ಲಾದ್ರೂ ಉಂಟನಾ!” ಎಂದಳು ಒಬ್ಬ ಮುದುಕಿ. ಯಾರೋ ಕಿಸಕ್ಕನೆ ನಕ್ಕರು. ಕಣ್ಣೀರು ಸುರಿಸುತ್ತಿದ್ದ ದೀಪಶ್ರೀಗೂ ನಗು ತಡೆಯಲಾಗಲಿಲ್ಲ.

“ನಿಲ್ಲಿಸ್ಬೇಡಿ ಚಿಕ್ಕಪ್ಪ,” ಎಂದಳು.

ವರದಮ್ಮ ಗಂಡನ ಕಡೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಉಸಿರೆಳೆದು, ಮುಂದಿನ ಸೊಲ್ಲು ಎತ್ತಿದಳು. ಅವನು ಹಿಡಿದನು. ಅವಳು ಎತ್ತಿದಳು, ಅವನು ಹಿಡಿದನು. ಮದುಮಗಳು ಮೆಟ್ಟಿಲಿಳಿದು, ಕಾರು ಹತ್ತಿ, ಕಾರು ಗೇಟು ದಾಟುವವರೆಗೂ ಪದ ನಡೆಯಿತು.

ಜನ ಚೆದುರಿದ ಮೇಲೆ ನಟರಾಜ ನೋಡಿಕೊಂಡರೆ ಸೂಟ್‌ಕೇಸು ಇನ್ನೂ ಅವನ ಕೈಯಲ್ಲೇ ಇತ್ತು.

“ಅಯ್ಯೋ, ಹುಡುಗಿ ಬಟ್ಟೆ ಎಲ್ಲ ಇಲ್ಲೇ ಉಳೀತು!” ಎಂದನು.

“ಕೊಟ್ಟು ಬರೋಣ, ನಡೀರಿ,” ಎಂದು ವರದಮ್ಮ ತಾನೇ ಮೊದಲು ಕಾರಿನ ಬಾಗಿಲು ತೆಗೆದು ಕುಳಿತಳು. “ಗಂಡಿನ ಮನೆ ಆಗುಂಬೆ ದಾರೀಲಂತೆ. ತಿರುವು ಜಾಸ್ತಿ. ಈ ಸಲ ನೀವು ಎತ್ತಿ, ನಾನು ಹಿಡೀತೀನಿ.”